ಯಾರ ಕೈಕೆಲಸವನ್ನು ನಂಬಬೇಕು? – ಉನ್ನತ ತಂತ್ರಜ್ಞಾನದ ಉದ್ಯಮದಲ್ಲಿ ಪೂರೈಕೆದಾರರ ಆಯ್ಕೆ

(ಶಾಲೆಯ ಶತಮಾನೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಗಳ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವ ಸಮಿತಿಯವರು ನನ್ನ ವೃತ್ತಿಯ ವಿಷಯವಾಗಿಯೇ ಮಾತನಾಡಬೇಕೆಂದು ಅಪ್ಪಣೆ ಮಾಡಿದ್ದಾರೆ. ನನ್ನ ವೃತ್ತಿಯನ್ನು ಒಂದೇ ವಾಕ್ಯದಲ್ಲಿ ಹೇಳಬಹುದು. ದೊಡ್ಡ ಕಾರ್ಖಾನೆಯೊಂದಕ್ಕೆ ಬಿಡಿಭಾಗಗಳನ್ನು ಒದಗಿಸಲು ಮುಂದೆ ಬರುವವರ ಬಳಿಗೆ ಹೋಗಿ, ಅವರ ಕೆಲಸವನ್ನು ನೋಡಿ, ಇವರನ್ನು ನಂಬಬಹುದೇ ಎಂದು ನಿರ್ಣಯಿಸುವುದು. ಶಾಲೆಯ ಉತ್ಸವಕ್ಕೂ ಈ ವಿಷಯಕ್ಕೂ ಏನು ಸಂಬಂಧವೆಂದು ಕೆಲವರಿಗೆ ಅನ್ನಿಸಬಹುದು. ಸಂಬಂಧ ಬಹಳ ಹತ್ತಿರದ್ದು. ಈ ಸಭೆಯಲ್ಲಿ ಕುಳಿತಿರುವ ಎಷ್ಟೋ ಮನೆಗಳ ಅನ್ನ ಇಂಥ ನಿರ್ಣಯದ ಆಚೆಗೋ ಈಚೆಗೋ ನಿಂತಿದೆ. ನಮ್ಮ ಶಾಲೆಯಿಂದ ಹೊರಬಂದು ಐ.ಟಿ.ಐ., ಡಿಪ್ಲೊಮಾ ಮುಗಿಸಿ ಯಂತ್ರದ ಮುಂದೆ ನಿಂತವರಿದ್ದಾರೆ. ಸಾಲ ಮಾಡಿ ನಾಲ್ಕು ಲೇತ್ ಹಾಕಿಕೊಂಡು ಸ್ವಂತ ವರ್ಕ್‌ಶಾಪ್ ನಡೆಸುವವರಿದ್ದಾರೆ. ದೊಡ್ಡ ಕಂಪನಿಯ ಖರೀದಿ ವಿಭಾಗದಲ್ಲಿ ಕುಳಿತವರೂ ಇದ್ದಾರೆ. ಆರ್ಡರು ಯಾರಿಗೆ ಸಿಗುತ್ತದೆ, ಯಾವ ಕಾರಣಕ್ಕೆ ಸಿಗುತ್ತದೆ ಎಂಬುದು ಇವರೆಲ್ಲರಿಗೂ ತಿಳಿದಿರಬೇಕಾದ ಸಂಗತಿ.

ಹೊಸೂರಿನ ಹೆಸರು ಹೇಳಿದರೆ ಹಿಂದೆ ಜನ ನೆನೆಯುತ್ತಿದ್ದುದು ರಾಗಿಯ ಹೊಲಗಳನ್ನು, ತೋಟಗಳನ್ನು, 1824ರಲ್ಲಿ ಆರಂಭವಾದ ಮತ್ತಿಗಿರಿಯ ಜಾನುವಾರು ಕ್ಷೇತ್ರವನ್ನು. ಸಿಪ್ಕಾಟ್ ಕೈಗಾರಿಕಾ ವಸಾಹತು ಬಂದ ಮೇಲೆ ಚಿತ್ರ ಬದಲಾಯಿತು. 1980ರಲ್ಲಿ ಇಲ್ಲಿಂದ ಟಿ.ವಿ.ಎಸ್. 50 ಮೊಪೆಡ್ ಹೊರಟಿತು. ಅಶೋಕ್ ಲೇಲ್ಯಾಂಡ್ ಬಂತು. ಅದೇ ದಶಕದಲ್ಲಿ ಟೈಟಾನ್ ಗಡಿಯಾರದ ಕಾರ್ಖಾನೆ ಬಂತು. ಈಚೆಗೆ ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲೇ ಟಾಟಾ ಎಲೆಕ್ಟ್ರಾನಿಕ್ಸ್ ಸಂಸ್ಥೆ ಐಫೋನಿನ ಹೊರಕವಚಗಳನ್ನು ತಯಾರಿಸುತ್ತಿದೆ. ಇಂಥ ಒಂದೊಂದು ದೊಡ್ಡ ಆಲದ ಸುತ್ತಲೂ ನೂರಾರು ಸಣ್ಣ ಕಾರ್ಖಾನೆಗಳು ಬಿಳಲಿನಂತೆ ಇಳಿದಿವೆ. ಬಿಳಲು ಗಟ್ಟಿಯಾಗಿದ್ದರೆ ಮರಕ್ಕೆ ಆಸರೆ. ಟೊಳ್ಳಾಗಿದ್ದರೆ ಎರಡಕ್ಕೂ ಅಪಾಯ.

ಮೊದಲು ಒಂದು ಲೆಕ್ಕವನ್ನು ಮಕ್ಕಳ ಮುಂದಿಡುತ್ತೇನೆ. ಒಂದು ಕಾರಿನಲ್ಲಿ ತಿರುಪು ಮೊಳೆಗಳನ್ನೂ ಸೇರಿಸಿ ಸುಮಾರು 30,000 ಬಿಡಿಭಾಗಗಳಿರುತ್ತವೆ. ಅಷ್ಟು ದೊಡ್ಡ ಸಂಖ್ಯೆ ಬೇಡ, 100 ಭಾಗಗಳಿರುವ ಒಂದು ಸಣ್ಣ ಸಾಧನವನ್ನೇ ತೆಗೆದುಕೊಳ್ಳೋಣ. ಪ್ರತಿಯೊಂದು ಭಾಗವೂ ನೂರಕ್ಕೆ 99ರಷ್ಟು ಸರಿಯಾಗಿದೆ ಎನ್ನೋಣ. ಪರೀಕ್ಷೆಯಲ್ಲಿ 99 ಅಂಕ ಬಂದರೆ ನಾವು ಮಿಠಾಯಿ ಹಂಚುತ್ತೇವೆ. ಆದರೆ ನೂರು ಭಾಗಗಳೂ ಏಕಕಾಲಕ್ಕೆ ಸರಿಯಿರಬೇಕಾದರೆ 0.99ನ್ನು ನೂರು ಸಲ ಗುಣಿಸಬೇಕು; ಉತ್ತರ ಸುಮಾರು 0.37. ಎಂದರೆ ನೂರು ಸಾಧನಗಳಲ್ಲಿ 63 ಕೆಟ್ಟವು. ಪ್ರತಿ ಭಾಗವೂ ಸಾವಿರಕ್ಕೆ 999ರಷ್ಟು ಸರಿಯಾಗಿದ್ದರೂ ನೂರು ಸಾಧನಗಳಲ್ಲಿ ಒಂಬತ್ತೋ ಹತ್ತೋ ಕೆಡುತ್ತವೆ. ಆದಕಾರಣವೇ ಈ ಉದ್ಯಮಗಳಲ್ಲಿ ದೋಷವನ್ನು ನೂರರಲ್ಲಿ ಎಣಿಸುವುದಿಲ್ಲ, ಹತ್ತು ಲಕ್ಷದಲ್ಲಿ ಎಷ್ಟು ಎಂದು ಎಣಿಸುತ್ತಾರೆ. ಪೂರೈಕೆದಾರನ ಆಯ್ಕೆ ಇಷ್ಟು ಬಿಗಿಯಾಗಿರುವುದಕ್ಕೆ ಈ ಗುಣಾಕಾರವೇ ಮೂಲ ಕಾರಣ.

ಆಯ್ಕೆಯ ವಿಧಾನ ನಮ್ಮ ಹಿರಿಯರಿಗೆ ಹೊಸದೇನೂ ಅಲ್ಲ. ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಏನು ಮಾಡುತ್ತಾನೆ? ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ, ಸಾಧ್ಯವಾದರೆ ನೊಗಕ್ಕೆ ಕಟ್ಟಿ ನೋಡುತ್ತಾನೆ. ಯಾವ ಊರಿನ ಕೊಟ್ಟಿಗೆಯಲ್ಲಿ ಬೆಳೆದದ್ದು ಎಂದು ವಿಚಾರಿಸುತ್ತಾನೆ. ಕೊನೆಯಲ್ಲಿ ಟವೆಲಿನ ಕೆಳಗೆ ಕೈಹಿಡಿದು ಬೆಲೆ ಕೇಳುತ್ತಾನೆ. ಬೆಲೆಯನ್ನೇ ಮೊದಲು ಕೇಳುವವನನ್ನು ದಲ್ಲಾಳಿ ಹೊಸಬನೆಂದು ಕಂಡುಹಿಡಿದುಬಿಡುತ್ತಾನೆ. ಉದ್ಯಮದಲ್ಲಿಯೂ ಇದೇ ಕ್ರಮ. ಅಮೆರಿಕದ ಗ್ಯಾರಿ ಡಿಕ್ಸನ್ ಎಂಬ ವಿದ್ವಾಂಸರು 1966ರಲ್ಲಿ 273 ಮಂದಿ ಖರೀದಿ ಅಧಿಕಾರಿಗಳನ್ನು ವಿಚಾರಿಸಿ, ಪೂರೈಕೆದಾರರನ್ನು ಅಳೆಯುವ 23 ಮಾನದಂಡಗಳನ್ನು ಪಟ್ಟಿಮಾಡಿದರು. ಅವರ ಪಟ್ಟಿಯಲ್ಲಿ ಗುಣಮಟ್ಟ ಮೊದಲನೆಯದು, ಹೇಳಿದ ಹೊತ್ತಿಗೆ ಸರಕು ತಲುಪಿಸುವುದು ಎರಡನೆಯದು, ಹಿಂದಿನ ಕೆಲಸದ ಚರಿತ್ರೆ ಮೂರನೆಯದು. ಬೆಲೆಯ ಸ್ಥಾನ ಇವುಗಳ ನಂತರ.

ಆದರೂ ಬೆಲೆ ಮನುಷ್ಯನ ಕಣ್ಣನ್ನು ಬೇಗ ಸೆಳೆಯುತ್ತದೆ. ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ. ಒಬ್ಬ ಪೂರೈಕೆದಾರ ಒಂದು ಭಾಗವನ್ನು 100 ರೂಪಾಯಿಗೆ ಕೊಡುತ್ತಾನೆ. ಅವನ ಸರಕಿನಲ್ಲಿ ಸಾವಿರಕ್ಕೆ ಒಂದು ದೋಷ. ಇನ್ನೊಬ್ಬ 92 ರೂಪಾಯಿಗೆ ಕೊಡುತ್ತಾನೆ. ಅವನಲ್ಲಿ ನೂರಕ್ಕೆ ಒಂದು ದೋಷ. ದೋಷದ ಭಾಗ ಜೋಡಣೆಯಾದ ಮೇಲೆ ಪತ್ತೆಯಾದರೆ, ಬಿಚ್ಚಿ, ಬದಲಿಸಿ, ಮತ್ತೆ ಪರೀಕ್ಷಿಸುವುದಕ್ಕೆ 1,500 ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ. ಹತ್ತು ಸಾವಿರ ಭಾಗಗಳಿಗೆ ಮೊದಲನೆಯವನಲ್ಲಿ ಬೆಲೆ ಹತ್ತು ಲಕ್ಷ, ದೋಷದ ಖರ್ಚು ಹದಿನೈದು ಸಾವಿರ, ಒಟ್ಟು 10,15,000. ಎರಡನೆಯವನಲ್ಲಿ ಬೆಲೆ 9,20,000, ದೋಷದ ಖರ್ಚು ಒಂದೂವರೆ ಲಕ್ಷ; ಒಟ್ಟು 10,70,000. ಅಗ್ಗವೆಂದು ಕೊಂಡದ್ದು 55,000 ರೂಪಾಯಿ ದುಬಾರಿಯಾಯಿತು. ಆ ದೋಷ ಕಾರ್ಖಾನೆಯಲ್ಲಿ ಪತ್ತೆಯಾಗದೆ ರಸ್ತೆಯ ಮೇಲೆ ಪತ್ತೆಯಾದರೆ, ಬ್ರೇಕಿನ ಭಾಗವಾಗಿದ್ದರೆ, ಲೆಕ್ಕ ಹಾಕುವ ಪುಸ್ತಕವೇ ಬೇರೆಯಾಗುತ್ತದೆ. ಗುಣಮಟ್ಟದ ಆಚಾರ್ಯರೆಂದು ಜಪಾನಿನವರು ಗೌರವಿಸಿದ ಎಡ್ವರ್ಡ್ಸ್ ಡೆಮಿಂಗ್ ಅವರು ತಮ್ಮ 14 ಸೂತ್ರಗಳಲ್ಲಿ ಒಂದನ್ನು ಇದಕ್ಕೇ ಮೀಸಲಿಟ್ಟರು. ಬೆಲೆಯ ಚೀಟಿಯೊಂದನ್ನೇ ನೋಡಿ ವ್ಯಾಪಾರ ಕೊಡುವ ಪದ್ಧತಿ ನಿಲ್ಲಬೇಕು, ಒಟ್ಟು ವೆಚ್ಚವನ್ನು ನೋಡಬೇಕು ಎಂಬುದು ಅದರ ತಾತ್ಪರ್ಯ.

ಗುಣಮಟ್ಟವನ್ನು ನೋಡುವುದು ಹೇಗೆ? ಮಾದರಿಯಾಗಿ ಕಳುಹಿಸಿದ ಐದು ಭಾಗಗಳು ಅಚ್ಚುಕಟ್ಟಾಗಿದ್ದರೆ ಸಾಲದು. ಬೆಳ್ಳಗಿರುವುದೆಲ್ಲ ಹಾಲಲ್ಲ. ಐದು ಭಾಗಗಳನ್ನು ಯಾರಾದರೂ ಆರಿಸಿ, ಉಜ್ಜಿ, ಹೊಳಪಿಸಿ ಕಳುಹಿಸಬಲ್ಲರು. ಆದ್ದರಿಂದ ವಾಹನೋದ್ಯಮದಲ್ಲಿ ಹೊಸ ಭಾಗಕ್ಕೆ ಒಪ್ಪಿಗೆ ಕೊಡುವ ಮೊದಲು, ಬೇರೆ ಒಪ್ಪಂದವಿಲ್ಲದಿದ್ದರೆ, ನಿಜವಾದ ಯಂತ್ರದಲ್ಲಿ, ನಿಜವಾದ ಕೆಲಸಗಾರರು, ನಿಜವಾದ ವೇಗದಲ್ಲಿ ಸತತವಾಗಿ ಮಾಡಿದ ಕನಿಷ್ಠ 300 ಭಾಗಗಳ ಒಂದು ಓಟವನ್ನು ಕೇಳುತ್ತಾರೆ. ಆ ಭಾಗಗಳ ಅಳತೆ ಎಷ್ಟು ಓಲಾಡುತ್ತದೆ ಎಂಬುದನ್ನು ನೋಡುತ್ತಾರೆ. ಇದನ್ನು ಎತ್ತಿನ ಗಾಡಿಯ ಹೋಲಿಕೆಯಿಂದ ತಿಳಿಯಬಹುದು. ನಕ್ಷೆಯಲ್ಲಿ ಕೊಟ್ಟಿರುವ ಮಿತಿ ತೋಟದ ಬಾಗಿಲಿದ್ದಂತೆ. ಭಾಗಗಳ ಅಳತೆಯ ಓಲಾಟ ಗಾಡಿಯ ಅಗಲವಿದ್ದಂತೆ. ಗಾಡಿ ಬಾಗಿಲಿನಷ್ಟೇ ಅಗಲವಾಗಿದ್ದರೆ ಒಂದಲ್ಲ ಒಂದು ದಿನ ಕಂಬಕ್ಕೆ ತಾಗಿಯೇ ತಾಗುತ್ತದೆ. ಬಾಗಿಲು ಗಾಡಿಗಿಂತ ಮೂರನೆಯ ಒಂದು ಪಾಲಾದರೂ ಹೆಚ್ಚು ಅಗಲವಿರಬೇಕು, ಗಾಡಿ ನಡುಮಧ್ಯದಲ್ಲಿಯೇ ಸಾಗಬೇಕು. ನಮ್ಮ ಪರಿಭಾಷೆಯಲ್ಲಿ ಈ ಸಾಮರ್ಥ್ಯದ ಸೂಚ್ಯಂಕ 1.33. ಮುಖ್ಯವಾದ ಅಳತೆಗಳಿಗೆ 1.67 ಕೇಳುವುದು ರೂಢಿ.

ಅಳೆಯುವವನು ಸರಿಯಾಗಿ ಅಳೆಯುತ್ತಿದ್ದಾನೆಯೇ ಎಂಬುದು ಮತ್ತೊಂದು ಪ್ರಶ್ನೆ. ಉದ್ದದ ಅಳತೆಗೆ ಜಗತ್ತೆಲ್ಲ ಒಪ್ಪಿದ ಆಧಾರದ ತಾಪಮಾನ 20 ಡಿಗ್ರಿ ಸೆಲ್ಸಿಯಸ್. ನಮ್ಮ ಬೇಸಿಗೆಯಲ್ಲಿ ತಗಡಿನ ಚಾವಣಿಯ ಕೆಳಗೆ ತಾಪಮಾನ 32ಕ್ಕೆ ಏರಿತೆನ್ನಿ. 100 ಮಿಲಿಮೀಟರ್ ಉದ್ದದ ಅಲ್ಯೂಮಿನಿಯಂ ತುಂಡು ಆಗ 25 ಮೈಕ್ರಾನಿಗಿಂತ ಹೆಚ್ಚು ಹಿಗ್ಗಿರುತ್ತದೆ. ವಿಮಾನದ ಅಥವಾ ಅರೆವಾಹಕ ಯಂತ್ರದ ಎಷ್ಟೋ ಭಾಗಗಳಿಗೆ ಕೊಟ್ಟಿರುವ ಒಟ್ಟು ಮಿತಿಯೇ ಅಷ್ಟಿರುವುದಿಲ್ಲ. ಅದಕ್ಕಾಗಿ ನಾವು ಕಾರ್ಖಾನೆಗೆ ಹೋದಾಗ ದುಬಾರಿ ಯಂತ್ರಗಳ ಬಳಿಗೆ ಹೋಗುವ ಮುನ್ನ ಅಳತೆಯ ಕೋಣೆಗೆ ಹೋಗುತ್ತೇವೆ. ಅಲ್ಲಿ ತಾಪಮಾನದ ದಾಖಲೆ ಇದೆಯೇ, ಮೈಕ್ರೋಮೀಟರನ್ನು ಕೊನೆಯ ಸಲ ಯಾವಾಗ ಸರಿಹೊಂದಿಸಿದರು, ಒಂದೇ ತುಂಡನ್ನು ಇಬ್ಬರು ಅಳೆದರೆ ಒಂದೇ ಉತ್ತರ ಬರುತ್ತದೆಯೇ ಎಂದು ನೋಡುತ್ತೇವೆ. ತಕ್ಕಡಿಯೇ ಸುಳ್ಳಾದರೆ ತೂಗಿದ ಬೆಲ್ಲದ ಮಾತೆತ್ತುವುದು ವ್ಯರ್ಥ.

ಕಣ್ಣಿಗೆ ಕಾಣುವ ಅಳತೆಯನ್ನು ಹೀಗೆ ಪರೀಕ್ಷಿಸಬಹುದು. ಆದರೆ ಲೋಹದ ಒಳಗಿನ ಬಲ ಕಣ್ಣಿಗೆ ಕಾಣುವುದಿಲ್ಲ. ಕಾಯಿಸಿ ಹದಗೊಳಿಸುವುದು, ಬೆಸೆಯುವುದು, ಲೇಪ ಕೊಡುವುದು ಮೊದಲಾದ ಕೆಲಸಗಳು ಸರಿಯಾಗಿ ಆಗಿವೆಯೇ ಎಂಬುದಕ್ಕೆ ಬಹುಮಟ್ಟಿಗೆ ಕಾಗದವನ್ನೇ ನಂಬಬೇಕು. ಇಲ್ಲಿ ನಡೆದ ಒಂದು ಪ್ರಕರಣ ಲೋಕಕ್ಕೆಲ್ಲ ಪಾಠವಾಗಿದೆ. 2009ರ ಫೆಬ್ರವರಿಯಲ್ಲಿ ಅಮೆರಿಕದ ನಾಸಾ ಸಂಸ್ಥೆ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಉಪಗ್ರಹವೊಂದನ್ನು ಟೌರಸ್ ಎಕ್ಸ್‌ಎಲ್ ರಾಕೆಟ್ಟಿನಲ್ಲಿ ಹಾರಿಸಿತು. ಉಪಗ್ರಹವನ್ನು ಮುಚ್ಚಿದ್ದ ಮೂತಿಯ ಕವಚ ಕಳಚಿಕೊಳ್ಳಲಿಲ್ಲ. ಕವಚದ ಭಾರದಿಂದ ವೇಗ ಸಾಲದೆ ಉಪಗ್ರಹ ಕಕ್ಷೆ ಸೇರದೆ ನಾಶವಾಯಿತು. 2011ರ ಮಾರ್ಚಿನಲ್ಲಿ ಗ್ಲೋರಿ ಎಂಬ ಮತ್ತೊಂದು ಉಪಗ್ರಹಕ್ಕೂ ಅದೇ ಗತಿಯಾಯಿತು. ವರ್ಷಗಟ್ಟಲೆ ತನಿಖೆ ನಡೆಯಿತು. ಕವಚ ಒಡೆದು ಬೇರ್ಪಡಬೇಕಾದ ಜೋಡಣೆಯಲ್ಲಿದ್ದ ಅಲ್ಯೂಮಿನಿಯಂ ಪಟ್ಟಿಗಳನ್ನು ಒದಗಿಸಿದ್ದು ಸಾಪಾ ಪ್ರೊಫೈಲ್ಸ್ ಎಂಬ ಕಂಪನಿ. ಅಲ್ಲಿ 19 ವರ್ಷಗಳ ಕಾಲ ಬಲಪರೀಕ್ಷೆಯ ಫಲಿತಾಂಶಗಳನ್ನು ತಿದ್ದಿ, ನಪಾಸಾದದ್ದನ್ನು ಪಾಸು ಎಂದು ಬರೆದು ಪ್ರಮಾಣಪತ್ರ ಕೊಡಲಾಗಿತ್ತೆಂದು ಹೊರಬಿತ್ತು. ಎರಡು ಉಡಾವಣೆಗಳ ವೈಫಲ್ಯದಿಂದ ನಾಸಾಗೆ ಆದ ನಷ್ಟ 70 ಕೋಟಿ ಡಾಲರಿಗೂ ಹೆಚ್ಚು. 2019ರಲ್ಲಿ ಆ ಕಂಪನಿ 4.6 ಕೋಟಿ ಡಾಲರ್ ತೆರಲು ಒಪ್ಪಿತು.

ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಆ ಪಟ್ಟಿಗಳು ದುಬಾರಿ ವಸ್ತುಗಳೇನೂ ಆಗಿರಲಿಲ್ಲ. ಅದ್ಭುತ ತಂತ್ರಜ್ಞಾನವೂ ಅವುಗಳಲ್ಲಿರಲಿಲ್ಲ. ಪರೀಕ್ಷೆಯ ಕೋಷ್ಟಕಗಳಲ್ಲಿ ಅಂಕಿಗಳನ್ನು ಬದಲಿಸಲಾಗಿತ್ತು. ಉಳಿದವರು ಅದನ್ನು ನಂಬಿದರು. ಆದ್ದರಿಂದ ಇಂದು ಎಚ್ಚರವುಳ್ಳ ಖರೀದಿದಾರರು ಪ್ರಮಾಣಪತ್ರವನ್ನು ಓದುವುದರ ಜೊತೆಗೆ, ಆಗಾಗ ಒಂದು ತುಂಡನ್ನು ತಾವೇ ಬೇರೆ ಪ್ರಯೋಗಾಲಯಕ್ಕೆ ಕಳುಹಿಸಿ ಪರೀಕ್ಷಿಸುತ್ತಾರೆ. ದಾಖಲೆಯ ಪುಸ್ತಕದಲ್ಲಿ ಒಂದೂ ತಪ್ಪಿಲ್ಲದೆ, ಎಲ್ಲ ಅಂಕಿಗಳೂ ಒಂದೇ ಶಾಯಿಯಲ್ಲಿ, ಒಂದೇ ಕೈಯಲ್ಲಿ, ಮಿತಿಯ ನಡುಮಧ್ಯದಲ್ಲಿಯೇ ಇದ್ದರೆ ನಮಗೆ ಸಂಶಯ ಬರುತ್ತದೆ. ಒಂದು ದಿನ ಅಳತೆ ತಪ್ಪಿತು, ಯಂತ್ರ ನಿಲ್ಲಿಸಿದೆವು, ಉಳಿ ಬದಲಿಸಿದೆವು, ಇಷ್ಟು ತುಂಡುಗಳನ್ನು ಬೇರ್ಪಡಿಸಿದೆವು ಎಂದು ಬರೆದಿರುವ ಎಣ್ಣೆಯ ಕಲೆಯ ಪುಸ್ತಕ ನಮಗೆ ಹೆಚ್ಚು ಧೈರ್ಯ ಕೊಡುತ್ತದೆ.

ಇನ್ನು ಆಪತ್ಕಾಲದ ಮಾತು. 2000ನೆಯ ಇಸವಿಯ ಮಾರ್ಚ್ 17ರಂದು ಅಮೆರಿಕದ ಆಲ್ಬುಕರ್ಕಿ ನಗರದಲ್ಲಿ ಫಿಲಿಪ್ಸ್ ಸಂಸ್ಥೆಯ ಚಿಪ್ ಕಾರ್ಖಾನೆಗೆ ಸಿಡಿಲಿನ ಕಾರಣದಿಂದ ಬೆಂಕಿ ತಗುಲಿತು. ಹತ್ತು ನಿಮಿಷದಲ್ಲಿ ಬೆಂಕಿ ಆರಿತು. ಆದರೆ ಧೂಳಿನ ಕಣವೂ ಇರಬಾರದ ಕೋಣೆಗಳಿಗೆ ಹೊಗೆ ನುಗ್ಗಿತ್ತು. ಅಲ್ಲಿಂದ ಚಿಪ್ ಕೊಳ್ಳುತ್ತಿದ್ದವರಲ್ಲಿ ನೋಕಿಯಾ, ಎರಿಕ್ಸನ್ ಎಂಬ ಎರಡು ಮೊಬೈಲ್ ಕಂಪನಿಗಳು ಮುಖ್ಯ. ಒಂದು ವಾರದಲ್ಲಿ ಸರಿಹೋಗುತ್ತದೆ ಎಂಬ ಮಾತು ಇಬ್ಬರಿಗೂ ತಲುಪಿತು. ನೋಕಿಯಾದವರು ಆ ಮಾತಿಗೆ ಕಾಯದೆ ದಿನದಿನವೂ ವಿಚಾರಿಸಿದರು, ಫಿಲಿಪ್ಸಿನ ಬೇರೆ ಕಾರ್ಖಾನೆಗಳಿಂದಲೂ ಬೇರೆ ತಯಾರಕರಿಂದಲೂ ಚಿಪ್ ತರಿಸಿಕೊಂಡರು. ಎರಿಕ್ಸನ್‌ನಲ್ಲಿ ಸುದ್ದಿ ಮೇಲಿನವರೆಗೆ ಏರಲು ತಡವಾಯಿತು. ಕೆಲವು ಚಿಪ್‌ಗಳಿಗೆ ಅವರಿಗೆ ಬೇರೆ ಮೂಲವೇ ಇರಲಿಲ್ಲ. ಸುಮಾರು 40 ಕೋಟಿ ಡಾಲರ್ ನಷ್ಟವಾಯಿತು; ಮರುವರ್ಷ ಆ ಕಂಪನಿ ತನ್ನ ಮೊಬೈಲ್ ವ್ಯಾಪಾರವನ್ನು ಸೋನಿಯೊಡನೆ ಕೂಡಿಸಿಕೊಂಡಿತು.

ಇದಕ್ಕೆ ಎದುರಾಗಿ ಜಪಾನಿನ ಒಂದು ಘಟನೆಯನ್ನು ಇಡುತ್ತೇನೆ. 1997ರ ಫೆಬ್ರವರಿ 1ರಂದು ಐಸಿನ್ ಸೇಕಿ ಎಂಬ ಕಂಪನಿಯ ಕಾರಿಯಾ ಕಾರ್ಖಾನೆ ಸುಟ್ಟುಹೋಯಿತು. ಟೊಯೊಟಾ ಕಾರುಗಳ ಬ್ರೇಕಿಗೆ ಬೇಕಾದ, ಅಂಗೈಯಲ್ಲಿ ಹಿಡಿಸುವ ಒಂದು ಕವಾಟ ಬಹುಪಾಲು ಅಲ್ಲಿಯೇ ತಯಾರಾಗುತ್ತಿತ್ತು. ದಾಸ್ತಾನು ಇಡದಿರುವುದೇ ಟೊಯೊಟಾದ ಪದ್ಧತಿ. ಕೆಲವೇ ದಿನಗಳಲ್ಲಿ ಜಪಾನಿನ ಅದರ ಕಾರ್ಖಾನೆಗಳೆಲ್ಲ ನಿಂತವು. ಆಗ ಸುಮಾರು 200 ಕಂಪನಿಗಳು ನೆರವಿಗೆ ಬಂದವು. ಐಸಿನ್ ತನ್ನ ನಕ್ಷೆಗಳನ್ನು ಹಂಚಿತು. ಹೊಲಿಗೆಯಂತ್ರ ಮಾಡುವ ಬ್ರದರ್ ಕಂಪನಿ ಕೂಡ ಕವಾಟ ಕೊರೆಯಿತು. ಬೆಲೆ ಎಷ್ಟೆಂಬ ಚೌಕಾಸಿಗೆ ಯಾರೂ ಕೂರಲಿಲ್ಲ. ಒಂದು ವಾರದ ಹೊತ್ತಿಗೆ ಕಾರುಗಳು ಮತ್ತೆ ಹೊರಬರತೊಡಗಿದವು. ಒಂದೇ ಮೂಲವನ್ನು ನಂಬಿದ್ದು ಅಪಾಯ ತಂದಿತು. ವರ್ಷಗಳಿಂದ ಕಾಪಾಡಿಕೊಂಡು ಬಂದ ಸ್ನೇಹ ಆ ಅಪಾಯವನ್ನು ದಾಟಿಸಿತು. ಇವೆರಡನ್ನೂ ಒಟ್ಟಿಗೆ ನೆನಪಿಡಬೇಕು. ಪೂರೈಕೆದಾರನನ್ನು ಅಳೆಯುವಾಗ ಇಂದು ನಾವು ಕೇಳುವ ಪ್ರಶ್ನೆಗಳಲ್ಲಿ ಇವೂ ಸೇರಿವೆ: ನಿಮಗೆ ಬೆಂಕಿ, ನೆರೆ, ವಿದ್ಯುತ್ ಕಡಿತ ಬಂದರೆ ಏನು ಮಾಡುತ್ತೀರಿ? ನಿಮಗೆ ಕಚ್ಚಾವಸ್ತು ಕೊಡುವವರು ಯಾರು? ಅವರಿಗೆ ಕೊಡುವವರು ಯಾರು? 2011ರ ಭೂಕಂಪದಲ್ಲಿ ರೆನೆಸಾಸ್ ಎಂಬ ಚಿಪ್ ಕಂಪನಿಯ ನಾಕಾ ಕಾರ್ಖಾನೆ ನಿಂತಾಗ, ತಮ್ಮ ಪೂರೈಕೆದಾರರ ಪೂರೈಕೆದಾರರೆಲ್ಲ ಕೊನೆಗೆ ಅದೊಂದನ್ನೇ ಅವಲಂಬಿಸಿದ್ದರೆಂದು ಎಷ್ಟೋ ವಾಹನ ಕಂಪನಿಗಳಿಗೆ ಅಂದೇ ತಿಳಿಯಿತು.

ಇಷ್ಟೆಲ್ಲವನ್ನೂ ಅಂಕಗಳಾಗಿ ಮಾಡಿ ಕೂಡಿಸುವ ರೂಢಿ ಇದೆ. ಗುಣಮಟ್ಟಕ್ಕೆ ಇಷ್ಟು, ಸಮಯಪಾಲನೆಗೆ ಇಷ್ಟು, ಬೆಲೆಗೆ ಇಷ್ಟು, ಹಣಕಾಸಿನ ಸ್ಥಿತಿಗೆ ಇಷ್ಟು ಎಂದು ತೂಕ ಕೊಟ್ಟು ಒಟ್ಟು ತೆಗೆಯುತ್ತಾರೆ. ಇದರಲ್ಲೊಂದು ಹಳ್ಳವಿದೆ, ಅಧ್ಯಾಪಕರಿಗೆ ಅದು ಕೂಡಲೇ ಹೊಳೆಯುತ್ತದೆ. ಗಣಿತದಲ್ಲಿ ಸೊನ್ನೆ, ಉಳಿದೆಲ್ಲದರಲ್ಲಿ ತೊಂಬತ್ತು ತೆಗೆದ ಹುಡುಗನ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಆದರೂ ನಾವು ಅವನನ್ನು ತೇರ್ಗಡೆ ಮಾಡುವುದಿಲ್ಲ. ಹಾಗೆಯೇ ಬೆಲೆಯಲ್ಲಿ ಪೂರ್ಣಾಂಕ ತೆಗೆದವನು ಸುರಕ್ಷತೆಯಲ್ಲಿ ಸೊನ್ನೆ ತೆಗೆದಿದ್ದರೆ ಒಟ್ಟಂಕ ಅದನ್ನು ಮುಚ್ಚಿಹಾಕಬಾರದು. ಮೊದಲು ಪ್ರತಿ ವಿಷಯದಲ್ಲಿಯೂ ಕನಿಷ್ಠ ಅಂಕ ದಾಟಿದವರನ್ನು ಬೇರ್ಪಡಿಸಿ, ಆಮೇಲೆ ಅವರೊಳಗೆ ಒಟ್ಟಂಕದ ಹೋಲಿಕೆ ಮಾಡುವುದು ಸರಿಯಾದ ಕ್ರಮ.

ಕೆಲವೊಮ್ಮೆ ಆಯ್ಕೆಗೆ ಇಬ್ಬರು ಇರುವುದೇ ಇಲ್ಲ. ಅತ್ಯಾಧುನಿಕ ಚಿಪ್‌ಗಳ ಮೇಲೆ ಗೆರೆ ಮೂಡಿಸುವ ಯಂತ್ರಗಳನ್ನು ನೆದರ್‌ಲೆಂಡ್ಸಿನ ಎ.ಎಸ್.ಎಂ.ಎಲ್. ಎಂಬ ಕಂಪನಿ ಮಾಡುತ್ತದೆ. ಅದರಲ್ಲಿ ಬಳಸುವ ಬೆಳಕಿನ ತರಂಗದ ಉದ್ದ 13.5 ನ್ಯಾನೋಮೀಟರ್. ಆ ಬೆಳಕನ್ನು ಪ್ರತಿಫಲಿಸುವ ಕನ್ನಡಿಗಳನ್ನು ಒದಗಿಸುವುದು ಜರ್ಮನಿಯ ಜೈಸ್ ಸಂಸ್ಥೆ. ಕನ್ನಡಿಯನ್ನು ಜರ್ಮನಿ ದೇಶದಷ್ಟು ಹಿಗ್ಗಿಸಿದರೆ ಅದರ ಮೇಲಿನ ಅತಿ ದೊಡ್ಡ ಉಬ್ಬು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟಿರುತ್ತದೆಂದು ಹೇಳುತ್ತಾರೆ. ಅದಕ್ಕೆ ಬದಲಿ ಹುಡುಕುವ ಬದಲು ಎ.ಎಸ್.ಎಂ.ಎಲ್. 2016ರಲ್ಲಿ 100 ಕೋಟಿ ಯೂರೊ ಕೊಟ್ಟು ಜೈಸ್‌ನ ಆ ವಿಭಾಗದ ಶೇಕಡ 24.9ರಷ್ಟು ಪಾಲನ್ನು ಕೊಳ್ಳಲು ಒಪ್ಪಿತು. ಸಂಶೋಧನೆಗೂ ಹಣ ಒದಗಿಸಲು ಮುಂದಾಯಿತು. ತಾನು ಆರಿಸಿಕೊಂಡವನನ್ನು ಬೆಳೆಸುವ ಹೊಣೆಯನ್ನೂ ಅದು ಹೊತ್ತಿತು.

ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಮೈರಾಡ ಸಂಸ್ಥೆಯ ನೆರವಿನಿಂದ ಸ್ವಸಹಾಯ ಸಂಘಗಳನ್ನು ಕಟ್ಟಿ, ಮೆಡೋ ಎಂಬ ಹೆಸರಿನಲ್ಲಿ ಒಗ್ಗೂಡಿ, ಟೈಟಾನ್ ಗಡಿಯಾರಗಳ ಲೋಹದ ಪಟ್ಟಿಗಳನ್ನು ಜೋಡಿಸುವ ಕೆಲಸ ಹಿಡಿದರು. ಕಾಗದದ ಮೇಲಿನ ಅಂಕಪಟ್ಟಿಯಿಂದಷ್ಟೇ ತೀರ್ಮಾನಿಸಿದ್ದರೆ ಅವರಿಗೆ ಎಷ್ಟು ಅಂಕ ಸಿಗುತ್ತಿತ್ತು? ಬಂಡವಾಳವಿಲ್ಲ, ಅನುಭವವಿಲ್ಲ, ಯಂತ್ರವಿಲ್ಲ. ತರಬೇತಿ ಸಿಕ್ಕಿತು, ಕೆಲಸ ಸಿಕ್ಕಿತು. ಕೊಟ್ಟ ಕೆಲಸ ಒಪ್ಪವಾಗಿ ಬಂತು. ಇಂದಿನ ಸ್ಥಿತಿಯನ್ನು ಅಳೆಯುವುದು ಸುಲಭ. ಕಲಿಯುವ ಶಕ್ತಿಯನ್ನು ಅಳೆಯುವುದಕ್ಕೆ ಒಳ್ಳೆಯ ಮೇಷ್ಟರ ಕಣ್ಣು ಬೇಕು.

ಇಲ್ಲಿಂದ ನಮ್ಮ ಶಾಲೆಯ ಮಾತಿಗೆ ಬರುತ್ತೇನೆ. ಗಡಿಯಾಚೆ ಉಳಿದ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳ ಮನಸ್ಸಿನಲ್ಲಿ ಒಂದು ಅಳುಕು ಇದ್ದೇ ಇರುತ್ತದೆ. ನಾಳೆ ಈ ಮಗು ಕಾರ್ಖಾನೆಯಲ್ಲಿ, ಕಚೇರಿಯಲ್ಲಿ ಹಿಂದೆ ಬೀಳುವುದೇ? ಇದಕ್ಕೆ ಉತ್ತರವಾಗಿ ಎರಡು ಸಂಗತಿಗಳನ್ನು ಹೇಳಬಲ್ಲೆ.

ಮೊದಲನೆಯದು, ಜಗತ್ತಿನ ವಾಹನೋದ್ಯಮವೆಲ್ಲ ಅನುಸರಿಸುವ ಐ.ಎ.ಟಿ.ಎಫ್. 16949 ಎಂಬ ಗುಣಮಟ್ಟದ ಮಾನಕದಲ್ಲಿಯೇ ಇರುವ ನಿಯಮ. ಯಂತ್ರದ ಬಳಿ ತೂಗುಹಾಕುವ ಕೆಲಸದ ಸೂಚನೆಗಳು, ಆ ಕೆಲಸ ಮಾಡುವವರಿಗೆ ಅರ್ಥವಾಗುವ ಭಾಷೆಯಲ್ಲಿಯೇ ಇರಬೇಕೆಂದು ಅದು ವಿಧಿಸುತ್ತದೆ. ಕೆಲಸಗಾರ ಕನ್ನಡಿಗನಾದರೆ ಕನ್ನಡದಲ್ಲಿ, ತಮಿಳನಾದರೆ ತಮಿಳಿನಲ್ಲಿ. ಇದು ಭಾಷಾಭಿಮಾನಕ್ಕಾಗಿ ಮಾಡಿದ ನಿಯಮವಲ್ಲ. ಅರ್ಥವಾಗದ ಸೂಚನೆಯಿಂದ ದೋಷ ಹುಟ್ಟುತ್ತದೆ ಎಂಬ ಅನುಭವದಿಂದ ಬಂದ ನಿಯಮ.

ಎರಡನೆಯದು, ನಾನು ಕಂಡದ್ದು. ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಕಾರ್ಖಾನೆಯ ತಪಾಸಣೆಗೆ ತಂಡವಾಗಿ ಹೋಗಿದ್ದೆವು. ಹೊರಗಿನಿಂದ ಬಂದಿದ್ದ ಸಹೋದ್ಯೋಗಿಯೊಬ್ಬರು ಯಂತ್ರದ ಮುಂದಿದ್ದ ಯುವಕನನ್ನು ಇಂಗ್ಲಿಷಿನಲ್ಲಿ ಪ್ರಶ್ನಿಸಿದರು. ಅವನು ತಲೆತಗ್ಗಿಸಿ ನಿಂತ. ಕೆಲಸಗಾರನಿಗೆ ಪ್ರಕ್ರಿಯೆಯ ಅರಿವಿಲ್ಲ ಎಂದು ಅವರು ಬರೆದುಕೊಳ್ಳತೊಡಗಿದರು. ಅದೇ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಕೇಳಿದೆ. ಉಳಿ ಬದಲಿಸಿದ ಮೇಲೆ ಮೊದಲ ತುಂಡನ್ನು ಅಳೆದು ಬೇರೆಯಾಗಿ ಇಡುವುದೇಕೆ, ಬೆಳಗಿನ ತಂಪಿನಲ್ಲಿ ಯಂತ್ರವನ್ನು ಸ್ವಲ್ಪ ಹೊತ್ತು ಬರಿದೇ ಓಡಿಸುವುದೇಕೆ, ಅಳತೆ ಯಾವ ಕಡೆಗೆ ಜಾರಿದರೆ ಏನು ಸವೆದಿದೆ ಎಂದು ತಿಳಿಯಬೇಕು – ಎಲ್ಲವನ್ನೂ ಅವನು ಹತ್ತು ನಿಮಿಷ ಬಿಡಿಸಿ ಹೇಳಿದ. ತಂಡದವರು ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದರು: ಕೆಲಸಗಾರನಿಗೆ ಅರಿವಿದೆ, ಗೋಡೆಯ ಮೇಲಿನ ಸೂಚನಾಪತ್ರ ಅವನ ಭಾಷೆಯಲ್ಲಿಲ್ಲ, ಅದನ್ನು ಸರಿಪಡಿಸಬೇಕು. ಕೊರತೆ ಆಡಳಿತದ ಹೆಸರಿಗೆ ಹೋಯಿತು, ಹುಡುಗನ ಹೆಸರಿಗಲ್ಲ. ಆ ಕಾರ್ಖಾನೆಗೆ ಕೆಲಸ ಸಿಕ್ಕಿತು.

ಹಾಗೆಂದು ಇಂಗ್ಲಿಷ್ ಬೇಡವೆಂದು ನಾನು ಹೇಳಲಾರೆ. ನಕ್ಷೆಯ ಸಂಕೇತಗಳನ್ನು ಓದಬೇಕು, ಪತ್ರ ಬರೆಯಬೇಕು, ದೂರದ ಗ್ರಾಹಕನೊಡನೆ ಮಾತನಾಡಬೇಕು. ನಮ್ಮ ಮಕ್ಕಳು ಮನೆಯಲ್ಲಿ, ಬೀದಿಯಲ್ಲಿ, ಶಾಲೆಯಲ್ಲಿ ಕನ್ನಡ, ತಮಿಳು, ತೆಲುಗು, ಇಂಗ್ಲಿಷುಗಳ ನಡುವೆಯೇ ಬೆಳೆಯುತ್ತಾರೆ. ನಾಲ್ಕೂರಿನ ಜನ ಒಂದೆಡೆ ದುಡಿಯುವ ಕಾರ್ಖಾನೆಯಲ್ಲಿ ಇದು ದೊಡ್ಡ ಬಂಡವಾಳ. ಆದರೆ ಏಕೆ, ಹೇಗೆ ಎಂದು ಯೋಚಿಸುವ ಅಭ್ಯಾಸ ಮೊದಲು ತಾಯ್ನುಡಿಯಲ್ಲಿ ಗಟ್ಟಿಯಾಗಬೇಕು. ಆ ಯುವಕನಲ್ಲಿ ಗಟ್ಟಿಯಾಗಿದ್ದುದು ಅದೇ.

ಸ್ವಂತ ವರ್ಕ್‌ಶಾಪ್ ನಡೆಸುವ ಮಿತ್ರರಿಗೆ ಒಂದು ಮಾತು. ದೊಡ್ಡವರು ನಿಮ್ಮನ್ನು ಅಳೆಯುವಂತೆ ನೀವೂ ಅವರನ್ನು ಅಳೆಯಿರಿ. ಹಣ ಯಾವಾಗ ಕೊಡುತ್ತಾರೆ? ಹಠಾತ್ತನೆ ಆರ್ಡರು ನಿಲ್ಲಿಸುತ್ತಾರೆಯೇ? ತಿರಸ್ಕರಿಸಿದ ಸರಕಿಗೆ ಕಾರಣ ಕೊಡುತ್ತಾರೆಯೇ? 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ ಒಪ್ಪಂದವಿದ್ದರೂ 45 ದಿನಗಳಿಗಿಂತ ತಡವಾಗಿ ಹಣ ಕೊಡುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕ್ ಘೋಷಿಸಿದ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಕೊಡಬೇಕು. ಈ ರಕ್ಷಣೆ ಬೇಕಾದರೆ ಉದ್ಯಮ ನೋಂದಣಿ ಮಾಡಿಸಿಕೊಂಡಿರಿ, ಸರಕು ಒಪ್ಪಿಸಿದ ದಿನದ ರುಜು ಪಡೆದಿರಿ. ನಿಮ್ಮ ಎಲ್ಲ ಸರಕನ್ನೂ ಒಬ್ಬನೇ ಗ್ರಾಹಕನಿಗೆ ಕೊಡುತ್ತಿದ್ದರೆ, ಎರಿಕ್ಸನ್ನಿಗೆ ಒದಗಿದ ಕಷ್ಟ ತಿರುಗುಮುರುಗಾಗಿ ನಿಮಗೂ ಒದಗಬಹುದು. ನಷ್ಟದ ಬೆಲೆಗೆ ಒಪ್ಪಿಕೊಳ್ಳಬೇಡಿ. ಕಡಿಮೆ ಬೆಲೆಗೆ ಒಪ್ಪಿಕೊಂಡವನು ಕೊನೆಗೆ ಲೋಹದಲ್ಲೋ, ಕೂಲಿಯಲ್ಲೋ, ಪರೀಕ್ಷೆಯಲ್ಲೋ ಕಡಿತ ಮಾಡಲೇಬೇಕಾಗುತ್ತದೆ.

ಅಧ್ಯಾಪಕರಲ್ಲಿ ಒಂದು ವಿನಂತಿ. ವಿಜ್ಞಾನದ ಪ್ರಯೋಗದಲ್ಲಿ ಮಗುವಿಗೆ ಬಂದ ಉತ್ತರ ಪುಸ್ತಕದ ಉತ್ತರಕ್ಕೆ ಹೊಂದದಿದ್ದರೆ, ಬಂದದ್ದನ್ನೇ ಬರೆಯಲು ಹೇಳಿ; ಏಕೆ ಹಾಗೆ ಬಂತೆಂದು ಜೊತೆಗೆ ಕುಳಿತು ಹುಡುಕಿ. ಪಕ್ಕದವನ ಪುಸ್ತಕ ನೋಡಿ ಅಂಕಿ ತಿದ್ದಿದ ಮಗುವಿಗೆ ಪೂರ್ಣಾಂಕ ಕೊಡಬೇಡಿ. 19 ವರ್ಷ ನಡೆದ ಆ ವಂಚನೆಯಲ್ಲಿ ಕೆಲಸ ಮಾಡಿದ್ದು ಇದೇ ಅಭ್ಯಾಸ. ದೊಡ್ಡವರ ಕೈಯಲ್ಲಿ ಅದಕ್ಕೆ ರಾಕೆಟ್ ಸಿಕ್ಕಿತು, ಅಷ್ಟೇ ವ್ಯತ್ಯಾಸ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ನಿಮಗೆಲ್ಲ ಗೊತ್ತು. ನಂಬಿಕೆಯ ಮಡಕೆಯೂ ಅಂಥದೇ. ನೂರು ವರ್ಷಗಳ ಕಾಲ ಈ ಊರಿನ ತಂದೆತಾಯಿಗಳು ತಮ್ಮ ಮಕ್ಕಳನ್ನು ಈ ಶಾಲೆಯ ಕೈಗೆ ಒಪ್ಪಿಸಿದ್ದಾರೆ. ಅದೂ ಒಂದು ಆಯ್ಕೆಯೇ. ಪ್ರತಿ ಜೂನ್ ತಿಂಗಳಲ್ಲಿಯೂ ಹೊಸದಾಗಿ ನಡೆಯುವ ಆಯ್ಕೆ. ಅದಕ್ಕೆ ತಕ್ಕಂತೆ ಕೆಲಸ ಮಾಡಿದ ಗುರುಪರಂಪರೆಗೆ ನಮಸ್ಕರಿಸುತ್ತೇನೆ. ಮುಂದಿನ ನೂರು ವರ್ಷಗಳಲ್ಲಿಯೂ ಈ ಊರಿನವರು ಈ ಶಾಲೆಯನ್ನೇ ಆರಿಸುವಂತೆ ನೋಡಿಕೊಳ್ಳುವ ಭಾರ ಹಳೆಯ ವಿದ್ಯಾರ್ಥಿಗಳಾದ ನಮ್ಮ ಮೇಲೂ ಇದೆ. ನಮ್ಮ ವರ್ಕ್‌ಶಾಪುಗಳ ಬಾಗಿಲನ್ನು ವರ್ಷಕ್ಕೆ ಒಂದು ದಿನವಾದರೂ ಈ ಮಕ್ಕಳಿಗೆ ತೆರೆಯೋಣ. ಮೈಕ್ರೋಮೀಟರನ್ನು ಅವರ ಕೈಗೆ ಕೊಡೋಣ. ಅಳೆದದ್ದನ್ನು ಅಳೆದಂತೆಯೇ ಬರೆಯಲು ಕಲಿಸೋಣ.